ಮೂರನೇ ಕೋಣೆಯ ಸಿಮೆಂಟು

ಗಾರೆಯಕ್ಕನಿಗೆ ಆಗ ಐವತ್ತೆರಡು. ಸುಣ್ಣದ ಗಾರೆ ಕೆಲಸದಲ್ಲಿ ಆಕೆಯನ್ನು ಮೀರಿಸುವವರು ನಮ್ಮ ಊರಲ್ಲಿ ಯಾರೂ ಇರಲಿಲ್ಲ. ಆದರೂ ಯಾವ ಕಾಗದದಲ್ಲೂ ಆಕೆಯನ್ನು ಮೇಸ್ತ್ರಿ ಅಂತ ಬರೆದಿರಲಿಲ್ಲ. ಕಾಗದದ ಮೇಸ್ತ್ರಿ ಆಕೆಯ ತಮ್ಮ. ಅವನು ಆರು ವರ್ಷ ಚಿಕ್ಕವನು, ಕೆಲಸ ಕಲಿತದ್ದೂ ಅಕ್ಕನ ಕೈಕೆಳಗೇ. ಅವರಪ್ಪ ಸಾಯುವಾಗ ತನ್ನ ಕರಣೆಗಳನ್ನು ಮಗಳ ಕೈಗೆ ಕೊಟ್ಟಿದ್ದ, ಮಗನಿಗಲ್ಲ. ಅದರ ಬಗ್ಗೆ ತಮ್ಮ ಒಂದು ದಿನವೂ ಮುಖ ಗಂಟಿಕ್ಕಿದವನಲ್ಲ. "ಅಕ್ಕ ಹೇಳ್ತಾಳೆ, ನಾನು ಮಾಡ್ತೀನಿ, ಸಂಬಳ ಮಾತ್ರ ಇಬ್ಬರಿಗೂ ಒಂದೇ" ಅಂತ ನಗುತ್ತಿದ್ದ.

ಈ ಕಥೆ ನನಗೆ ಗೊತ್ತಿರುವುದು ಎರಡು ಕಾರಣಕ್ಕೆ. ಅದರ ಕೊನೆಯ ಭಾಗವನ್ನು ನಾನು ಕಣ್ಣಾರೆ ಕಂಡೆ. ಅದಕ್ಕೂ ಮುಂಚಿನದನ್ನು ಗಾರೆಯಕ್ಕ ನನಗೆ ಹೇಳಿದ್ದಾಳೆ, ಒಂದು ಸಲವಲ್ಲ, ಹತ್ತು ಸಲ. ಹೇಳುವಾಗಲೆಲ್ಲ ಆಕೆಯ ಎಡಗೈ ಮುಷ್ಟಿಯಾಗುತ್ತದೆ.

ನದಿ ದಂಡೆಯಲ್ಲಿ ಹಳೆಯ ತೂಕದ ಮನೆ ಇದೆ. ಒಂದು ಕಾಲಕ್ಕೆ ದೋಣಿಗಳಿಂದ ಇಳಿದ ಸರಕನ್ನೆಲ್ಲ ಅಲ್ಲಿ ತೂಗುತ್ತಿದ್ದರಂತೆ. ಕಮಾನು ಚಾವಣಿಯ ನಾಲ್ಕು ದೊಡ್ಡ ಕೋಣೆ, ಒಂದು ಅಂಗಳ, ಆಳೆತ್ತರದ ಕಿಟಕಿಗಳು. ಇಂಥ ಕಟ್ಟಡಗಳನ್ನು ಉಳಿಸಬೇಕು ಅಂತ ಊರಿನ ನಾಲ್ಕು ಜನ ದೊಡ್ಡವರು ಒಂದು ಸಂಸ್ಥೆ ಕಟ್ಟಿದ್ದರು. ಅದರ ಕಾರ್ಯದರ್ಶಿ ಮಾತಿನಮಲ್ಲ. ಇಸ್ತ್ರಿ ಮಾಡಿದ ಖಾದಿ ಅಂಗಿ, ಕತ್ತಿನಲ್ಲಿ ಕ್ಯಾಮೆರಾ, ಎಲ್ಲರನ್ನೂ ಅಕ್ಕ, ಅಣ್ಣ ಅಂತಲೇ ಕರೆಯುವ ನಾಲಿಗೆ. ಅವನು ಹೊರದೇಶದ ಒಂದು ಪ್ರತಿಷ್ಠಾನಕ್ಕೆ ಬರೆದು ಅನುದಾನ ತರಿಸಿದ. ಬಡ ದೇಶಗಳ ಹಳೆಯ ಕಟ್ಟಡಗಳಿಗೆ ನೆರವು ಕೊಡುವುದೇ ಆ ಪ್ರತಿಷ್ಠಾನದ ಕೆಲಸ. ಅವರ ಷರತ್ತು ಒಂದೇ: ದುರಸ್ತಿ ಹಳೆಯ ಪದ್ಧತಿಯಲ್ಲೇ ಆಗಬೇಕು, ಸುಣ್ಣದ ಗಾರೆಯಲ್ಲೇ, ಊರಿನ ಕಸುಬುದಾರರ ಕೈಯಿಂದಲೇ.

ಅರ್ಜಿಯಲ್ಲಿ 'ಮುಖ್ಯ ಮೇಸ್ತ್ರಿ' ಅಂತ ಒಂದು ಜಾಗ ಇತ್ತು. ಗಾರೆಯಕ್ಕ ತನ್ನ ಹೆಸರು ಹೇಳಿದಾಗ ಕಾರ್ಯದರ್ಶಿ ಪೆನ್ನು ಕೆಳಗಿಟ್ಟ.

"ಅಕ್ಕ, ಮೇಸ್ತ್ರಿ ಅಂದ್ರೆ ಅವರ ಕಣ್ಣಿಗೆ ಗಂಡಸೇ ಬರ್ತಾನೆ. ಸುಮ್ನೆ ಯಾಕೆ ತೊಡಕು? ತಮ್ಮನ ಹೆಸರು ಹಾಕೋಣ. ಯಾರ ಹೆಸರಾದ್ರೇನು, ಮನೆ ಒಂದೇ ತಾನೇ?"

ಮನೆ ಒಂದೇ ಅನ್ನುವುದು ನಿಜವಾದ್ದರಿಂದ ಆಕೆ ಒಪ್ಪಿಕೊಂಡಳು.

ಮೊದಲನೇ ಕೋಣೆಗೆ ಏಳು ತಿಂಗಳು ಹಿಡಿಯಿತು. ಸುಟ್ಟ ಸುಣ್ಣದ ಕಲ್ಲನ್ನು ನೀರಿನ ಗುಂಡಿಯಲ್ಲಿ ಅರಳಿಸಿ ತಿಂಗಳುಗಟ್ಟಲೆ ಹಾಗೇ ಬಿಡಬೇಕು. ಅದು ಬೆಣ್ಣೆಯಾದ ಮೇಲೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ಒಂದು ಪದರ ಒಣಗುವ ತನಕ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಕಾರ್ಯದರ್ಶಿ ದಿನಾ ಬಂದು ಫೋಟೋ ತೆಗೆದ. ಅಕ್ಕ ಗುಂಡಿ ಕಲಕುವುದು, ತಮ್ಮ ಸಾರುವೆಯ ಮೇಲೆ ನಿಂತು ಚಾವಣಿಗೆ ಗಾರೆ ಎಳೆಯುವುದು, ಸುಣ್ಣ ಹತ್ತಿದ ಕೈಗಳು, ಒಂದೂ ಬಿಡಲಿಲ್ಲ. ಮೊದಲ ಕೋಣೆ ಮುಗಿದ ಮೇಲೆ "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ" ಅಂದ. ಬಾಗಿಲಿಗೆ ಬೀಗ ಬಿತ್ತು. ಮೂರು ತಿಂಗಳ ನಂತರ ಕರೆಸಿದಾಗ ಉಳಿದ ಮೂರೂ ಕೋಣೆ ಬೆಳ್ಳಗೆ ಹೊಳೆಯುತ್ತಿದ್ದವು. ಯಾವನೋ ಗುತ್ತಿಗೆದಾರ ಸಿಮೆಂಟು ಬಳಿದು, ಮೇಲೆ ಸುಣ್ಣದ ನೀರು ಹೊಡೆದು ಹೋಗಿದ್ದ. ಗಾರೆಯಕ್ಕ ಒಳಗೆ ಕಾಲಿಟ್ಟ ಕೂಡಲೇ ವಾಸನೆಯಿಂದಲೇ ಕಂಡುಹಿಡಿದಳು.

ಕಾರ್ಯದರ್ಶಿ ಒಂದು ಕಾಗದ ಮುಂದಿಟ್ಟ. ನಾಲ್ಕೂ ಕೋಣೆಗಳನ್ನು ಸುಣ್ಣದ ಗಾರೆಯಲ್ಲಿ ನನ್ನ ಮೇಲ್ವಿಚಾರಣೆಯಲ್ಲೇ ಮಾಡಿದ್ದೇನೆ ಅಂತ ಮುಖ್ಯ ಮೇಸ್ತ್ರಿ ಬರೆದುಕೊಡಬೇಕಿತ್ತು. ತಮ್ಮ ಕಾಗದ ಓದಿ ಅಕ್ಕನ ಮುಖ ನೋಡಿದ.

"ಬರೆದುಕೊಡದೇ ಇದ್ರೆ ಅನುದಾನ ಇಲ್ಲಿಗೇ ನಿಲ್ಲತ್ತೆ" ಅಂದ ಕಾರ್ಯದರ್ಶಿ. "ಊರಲ್ಲಿ ಇನ್ನೂ ಐದು ಕಟ್ಟಡ ಇವೆ. ಅವೆಲ್ಲ ನಿಮ್ಮ ಕೈಯಿಂದಲೇ ಮಾಡಿಸ್ಬೇಕು ಅಂತಿದ್ದೀನಿ. ಸುಳ್ಳು ಹೇಳಿ ಅಂತ ಕೇಳ್ತಿಲ್ಲ. ಸ್ವಲ್ಪ ಹೊಂದಿಕೊಳ್ಳಿ ಅಂತಿದ್ದೀನಿ, ಅಷ್ಟೆ."

ಗಾರೆಯಕ್ಕ ಲೆಕ್ಕ ಹಾಕಿದಳು. ಐದು ಕಟ್ಟಡ ಅಂದರೆ ಸಾಯುವ ತನಕದ ಕೆಲಸ. "ಹಾಕು" ಅಂದಳು. ತಮ್ಮ ಸಹಿ ಹಾಕಿದ.

ಮುಂದಿನ ಮಳೆಗಾಲದಲ್ಲಿ ಹಳೆಯ ಗೋಡೆ ನೀರು ಕುಡಿಯಿತು. ಸುಣ್ಣದ ಗಾರೆಯಾಗಿದ್ದರೆ ಕುಡಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಬಿಟ್ಟುಬಿಡುತ್ತಿತ್ತು. ಸಿಮೆಂಟು ಬಿಡಲಿಲ್ಲ. ಒಳಗೇ ಉಪ್ಪು ಕಟ್ಟಿತು, ಬಳಿದದ್ದೆಲ್ಲ ಗೋಡೆಯಿಂದ ಬಿಟ್ಟುಕೊಂಡು ಪೊಳ್ಳಾಯಿತು. ಒಂದು ದಿನ ಮಧ್ಯಾಹ್ನ ಮೂರನೇ ಕೋಣೆಯಲ್ಲಿ ಮಕ್ಕಳ ಚಿತ್ರ ಬರೆಯುವ ಸ್ಪರ್ಧೆ ನಡೆಯುತ್ತಿದ್ದಾಗ ಚಾವಣಿಯಿಂದ ಬಾಗಿಲಿನಷ್ಟು ಅಗಲದ ಸಿಮೆಂಟಿನ ಪದರ ಕಳಚಿ ಬಿತ್ತು. ಮಕ್ಕಳಿಗೆ ಏನೂ ಆಗಲಿಲ್ಲ, ಚಿತ್ರದ ಮೇಷ್ಟರ ಭುಜ ಮುರಿಯಿತು. ಪೊಲೀಸರು ಬಂದಾಗ ಕಾರ್ಯದರ್ಶಿ, ಮೇಸ್ತ್ರಿ ಗಾರೆ ಸರಿಯಾಗಿ ಹಾಕಿಲ್ಲ ಅಂತ ಕಡತ ತೆರೆದು ತಮ್ಮನ ಸಹಿ ತೋರಿಸಿದ. ಪತ್ರಿಕೆಯವರ ಮುಂದೆ ಕಣ್ಣೊರೆಸಿಕೊಂಡು, "ಊರಿನ ಕಸುಬುದಾರರ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಟ್ಟಿದ್ದು ನನ್ನ ತಪ್ಪು" ಅಂದ. ಆ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದರು.

ಆ ಸಹಿಯ ಮುಂದೆ ತಮ್ಮನ ಮಾತು ನಡೆಯಲಿಲ್ಲ, ಹನ್ನೊಂದು ದಿನ ಒಳಗಿದ್ದ. ಹೊರಗೆ ಬಂದ ಮೇಲೆ ಅವನನ್ನು ಕೋಳಿಗೂಡಿನ ಗೋಡೆಗೂ ಯಾರೂ ಕರೆಯಲಿಲ್ಲ. ಹಾಲಿನ ಅಂಗಡಿಯಲ್ಲಿ ಯಾರೋ ಒಬ್ಬ, "ಸ್ವಲ್ಪ ಆಚೆ ನಿಂತ್ಕೋಪ್ಪಾ, ಮೇಲೆ ಚಾವಣಿ ಇದೆ" ಅಂದನಂತೆ, ಎಲ್ಲರೂ ನಕ್ಕರಂತೆ. ಅದಾದ ವಾರಕ್ಕೇ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಭಾವಮೈದುನನ ಊರಿಗೆ ಹೊರಟ. ಅಲ್ಲಿ ಹಾಲಿನ ವ್ಯಾನು ಓಡಿಸುವ ಕೆಲಸ ಸಿಕ್ಕಿತ್ತು. ಗಾರೆಯಕ್ಕ ಬಸ್ ನಿಲ್ದಾಣಕ್ಕೆ ಹೋದಳು. ಅವನು ಒಂದೇ ಮಾತು ಹೇಳಿದ.

"ನೀನು ಹಾಕು ಅಂದೆ, ಹಾಕಿದೆ."

ಬಸ್ಸು ಹೋದ ಮೇಲೂ ಆಕೆ ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತಿದ್ದಳು. ನಿಜವಾದ ಮೇಸ್ತ್ರಿ ತಾನು. ಒಳಗೆ ಹೋಗಬೇಕಾಗಿದ್ದವಳೂ ತಾನು. ಆ ಹೊತ್ತಿನಲ್ಲೇ ನಿರ್ಧಾರ ಮಾಡಿದೆ ಅಂತ ಆಕೆ ನನಗೆ ಹೇಳಿದಳು. ಅಳಲಿಲ್ಲವಂತೆ. ತಮ್ಮನ ಹೆಸರು ಹೇಗೆ ಮಣ್ಣುಪಾಲಾಯಿತೋ ಹಾಗೇ ಕಾರ್ಯದರ್ಶಿಯ ಹೆಸರೂ ಆಗಬೇಕು, ಅದೂ ಜನರ ಎದುರಿಗೇ ಆಗಬೇಕು, ಅಷ್ಟೆ.

ಆಮೇಲೆ ನಾಲ್ಕು ವರ್ಷ ಕಾದಳು. ನೀರಿನ ಟ್ಯಾಂಕು ತೊಳೆದಳು, ಮನೆಗಳಿಗೆ ಬಣ್ಣ ಹೊಡೆದಳು, ಒಂದು ಬಟ್ಟೆ ಅಂಗಡಿಯ ನೆಲ ಒರೆಸಿದಳು. ತಿಂಗಳಿಗೊಂದು ಭಾನುವಾರ, ನೋಡಲು ಬರುವವರ ಸಾಲಿನಲ್ಲಿ ಟಿಕೆಟು ತೆಗೆದುಕೊಂಡು ತೂಕದ ಮನೆಗೆ ಹೋಗಿ ಮೂರನೇ ಕೋಣೆಯಲ್ಲಿ ಸುಮ್ಮನೆ ನಿಂತು ಬರುತ್ತಿದ್ದಳು. ಬಿದ್ದ ಜಾಗಕ್ಕೆ ಮತ್ತೆ ಸಿಮೆಂಟೇ ಬಳಿದಿದ್ದರು. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ ಕೇಳಿಸಿಕೊಳ್ಳುತ್ತಿದ್ದಳು. ಎಷ್ಟೋ ದಿನದ ಮೇಲೆ ಇದನ್ನು ಕೇಳಿದಾಗ ನಾನು ಒಮ್ಮೆ, "ಅಕ್ಕ, ಸುಣ್ಣ ಗುಂಡಿಯಲ್ಲಿ ಹಣ್ಣಾಗೋ ಹಾಗೆ ನಿಮ್ಮ ಸಿಟ್ಟೂ ಹಣ್ಣಾಯ್ತು ಅನ್ನಿ" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾತು ಚೆನ್ನಾಗಿದೆ. ಸುಣ್ಣಕ್ಕೂ ಸಿಟ್ಟಿಗೂ ಏನು ಸಂಬಂಧ? ನಂಗೆ ಅವನ ಮುಖ ಕಪ್ಪಾಗೋದನ್ನ ನೋಡ್ಬೇಕಿತ್ತು."

ಐದನೇ ವರ್ಷ ಕಾರ್ಯದರ್ಶಿ ತಾನಾಗಿಯೇ ಆಕೆಯ ಮನೆ ಹುಡುಕಿಕೊಂಡು ಬಂದ. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ, ಅಡ್ಡಕ್ಕೆ ಕಟ್ಟಿದ ತಂತಿಯ ಮೇಲೆ ಒದ್ದೆ ಬಟ್ಟೆ. ಅವನು ತಲೆ ತಗ್ಗಿಸಿ ಬಟ್ಟೆ ಸರಿಸಿಕೊಂಡು ಬಂದು, ಇದ್ದ ಒಂದೇ ಕುರ್ಚಿಯ ಮೇಲೆ ಕೂತ. ಪ್ರತಿಷ್ಠಾನ ಎರಡನೇ ಅನುದಾನ ಕೊಡಲು ಮುಂದಾಗಿತ್ತು, ಮೊದಲಿನದಕ್ಕಿಂತ ದೊಡ್ಡದು. ಆದರೆ ಈ ಸಲ ಊರಿನವರಿಗೆ ಗಾರೆ ಕೆಲಸ ಕಲಿಸಬೇಕು, ಕಲಿಸುವುದನ್ನು ಅವರ ಅಧಿಕಾರಿ ಬಂದು ಕಣ್ಣಿಂದ ನೋಡಬೇಕು. ಕಲಿಸಬಲ್ಲವರು ಊರಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

"ಹಳೇದೆಲ್ಲ ಮರೆತುಬಿಡಿ ಅಕ್ಕ" ಅಂದ.

"ಮರೆತಿದ್ದೀನಿ ಸಾರ್."

"ತಮ್ಮ ಚೆನ್ನಾಗಿದ್ದಾನಾ?"

"ಚೆನ್ನಾಗಿದ್ದಾನೆ. ಹಾಲಿನ ವ್ಯಾನು ಓಡಿಸ್ತಾನೆ."

"ಒಳ್ಳೇದಾಯ್ತು ಬಿಡಿ. ಅವನಿಗೂ ಈ ಧೂಳು ಒಗ್ತಿರಲಿಲ್ಲ."

ಆಕೆ ನೆಲ ನೋಡಿಕೊಂಡು ತಲೆಯಾಡಿಸಿದಳು. ಒಂದೇ ಒಂದು ಮಾತು ಕೇಳಿಕೊಂಡಳು: ನಾನು ಪಾಠ ಮಾಡುವಾಗ ನಡುವೆ ಯಾರೂ ಬಾಯಿ ಹಾಕಬಾರದು, ಹಾಕಿದರೆ ನನಗೆ ಗಲಿಬಿಲಿಯಾಗುತ್ತದೆ. ಅವನು ನಕ್ಕು ಒಪ್ಪಿಕೊಂಡ.

ಕಲಿಯಲು ಸೇರಿದ ಹದಿನೆಂಟು ಜನರಲ್ಲಿ ನಾನೂ ಒಬ್ಬಳು. ನನಗೆ ಮೂವತ್ತೆಂಟು. ಹದಿನಾಲ್ಕು ವರ್ಷ ಗುಮಾಸ್ತೆಯಾಗಿದ್ದ ಕಂಪನಿ ಮುಚ್ಚಿಹೋಗಿತ್ತು. ಆರು ವಾರದ ತರಬೇತಿ, ಕೊನೆಗೆ ಪ್ರಮಾಣಪತ್ರ. ಗಾರೆಯಕ್ಕ ಅಷ್ಟು ದಿನವೂ ಒಂದು ಅಡ್ಡ ಮಾತು ಆಡಲಿಲ್ಲ. ಕಲಿಸುವುದರಲ್ಲಿ ಕಳ್ಳತನ ಇರಲಿಲ್ಲ. ಬಾಂಡ್ಲಿ ಹಿಡಿಯುವುದರಿಂದ ಹಿಡಿದು ಕರಣೆ ಎಳೆಯುವಾಗ ಉಸಿರು ಎಲ್ಲಿ ಬಿಡಬೇಕು ಅನ್ನುವ ತನಕ ಹೇಳಿಕೊಟ್ಟಳು. ನಾಲ್ಕನೇ ವಾರ ಮೊದಲನೇ ಕೋಣೆಯಲ್ಲಿ ನಿಲ್ಲಿಸಿ, ಗಾರೆ ಯಾವುದು ಸಿಮೆಂಟು ಯಾವುದು ಅಂತ ಕಂಡುಹಿಡಿಯುವುದನ್ನು ಕಲಿಸಿದಳು. ಮೊಳೆಯಿಂದ ಗೀರಿದರೆ ಸುಣ್ಣದ ಗಾರೆ ಬಿಳಿ ಪುಡಿ ಉದುರಿಸುತ್ತದೆ. ಸಿಮೆಂಟಿನ ಮೇಲೆ ಮೊಳೆ ಜಾರುತ್ತದೆ, ಬೂದಿ ಬಣ್ಣದ ಗೆರೆ ಬೀಳುತ್ತದೆ. ನೀರು ಚಿಮುಕಿಸಿದರೆ ಗಾರೆ ಕುಡಿಯುತ್ತದೆ, ಸಿಮೆಂಟಿನ ಮೇಲೆ ಅದು ಹರಿದುಹೋಗುತ್ತದೆ. ಹಳೆಯ ಗೋಡೆಯ ಮೇಲಿನ ಸಿಮೆಂಟನ್ನು ತಟ್ಟಿದರೆ ಖಾಲಿ ಡಬ್ಬಿಯ ಸದ್ದು ಬರುತ್ತದೆ. ಅಷ್ಟನ್ನು ಎಲ್ಲರ ಬಾಯಲ್ಲೂ ಹೇಳಿಸಿದಳು, ಎಲ್ಲರ ಕೈಗೂ ಒಂದೊಂದು ಮೊಳೆ ಕೊಟ್ಟಳು. "ಕಳ್ಕೋಬೇಡಿ, ಅಧಿಕಾರಿ ಬಂದಾಗ ಬೇಕಾಗತ್ತೆ" ಅಂದಳು.

ಅಧಿಕಾರಿ ಬರುವ ಎರಡು ದಿನ ಮುಂಚೆ ಪಾಠ ಎಲ್ಲಿಡೋಣ ಅಂತ ಕಾರ್ಯದರ್ಶಿ ಯೋಚಿಸುತ್ತಿದ್ದ.

"ಮೂರನೇ ಕೋಣೇಲಿ ಬೆಳಕು ಚೆನ್ನಾಗಿದೆ ಸಾರ್" ಅಂದಳು ಗಾರೆಯಕ್ಕ. "ಫೋಟೋ ಚೆನ್ನಾಗಿ ಬರತ್ತೆ."

ಅವನ ಮುಖ ಅರಳಿತು. ಅದೇ ದಿನ ಆ ಕೋಣೆಗೆ ಇನ್ನೆರಡು ಸಲ ಸುಣ್ಣದ ನೀರು ಹೊಡೆಸಿದ.

ಅಧಿಕಾರಿ ಅರವತ್ತು ದಾಟಿದ ಹೆಂಗಸು. ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು, ಕಾಲಿಗೆ ಸವೆದ ಬಟ್ಟೆ ಬೂಟು. ನಮ್ಮ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಕಾರ್ಯದರ್ಶಿಯೇ ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಗಾರೆಯಕ್ಕ ಗೋಡೆಗೆ ಬೆನ್ನು ಹಾಕಿ ನಿಂತು, ಎಂದಿನ ದನಿಯಲ್ಲೇ ಶುರು ಮಾಡಿದಳು.

"ಇವತ್ತು ಹೊಸ ಪಾಠ ಇಲ್ಲ. ಕಲಿತದ್ದರ ಪರೀಕ್ಷೆ. ಈ ಗೋಡೆ ಸುಣ್ಣದ ಗಾರೆಯದೋ, ಸಿಮೆಂಟಿನದೋ, ನೀವೇ ನೋಡಿ ಹೇಳ್ಬೇಕು."

ಕಾರ್ಯದರ್ಶಿ ಒಂದು ಕ್ಷಣ ತಡೆದ. ಆಮೇಲೆ ನಗುತ್ತ ಅಧಿಕಾರಿಗೆ ಹೇಳಿದ್ದು ಬೇರೆಯೇ. ಗುಮಾಸ್ತೆಯಾಗಿದ್ದ ನನಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತಿತ್ತು. ಈಕೆ ತನ್ನ ತಾತ ಮುತ್ತಾತರನ್ನು ನೆನೆಯುತ್ತಿದ್ದಾಳೆ ಅಂದ. ಅಧಿಕಾರಿ ಗೌರವದಿಂದ ತಲೆಬಾಗಿದರು.

ನಾವು ಹದಿನೆಂಟು ಜನ ಗೋಡೆಯ ಉದ್ದಕ್ಕೂ ಸಾಲಾಗಿ ನಿಂತೆವು. ಹದಿನೆಂಟು ಮೊಳೆ ಒಟ್ಟಿಗೇ ಗೀರಿದಾಗ ಹಲ್ಲು ಜುಮ್ಮೆನ್ನುವ ಸದ್ದು. ಬಿಳಿ ಲೇಪ ಹಾರಿಹೋಯಿತು, ಕೆಳಗೆಲ್ಲ ಬೂದಿ ಗೆರೆ. ನೀರು ಚಿಮುಕಿಸಿದೆವು, ಜಾರಿ ನೆಲಕ್ಕೆ ಬಂತು. ತಟ್ಟಿದೆವು, ಇಡೀ ಕೋಣೆ ಡಬಡಬ ಅಂದಿತು. ನಮ್ಮಲ್ಲಿ ಕೆಲವರಿಗೆ ಅಷ್ಟರಲ್ಲಿ ವಿಷಯ ತಿಳಿದು, ಕೈ ನಿಂತಿತು. ಮುಂದಿನ ಬಣ್ಣ ಹಿಡಿಯಲಿ ಅಂತ ಗೋಡೆ ಒರಟು ಮಾಡುತ್ತಿದ್ದಾರೆ ಅಂತ ಕಾರ್ಯದರ್ಶಿ ಅಧಿಕಾರಿಗೆ ಹೇಳುತ್ತಿದ್ದ. ಹೇಳುತ್ತಲೇ ಈ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಅಕ್ಕ, ಏನು ಮಾಡ್ತಿದ್ದೀರಿ?" ಅಂದ.

"ಪಾಠ ಸಾರ್" ಅಂದಳು ಗಾರೆಯಕ್ಕ. ಆಮೇಲೆ ಅಧಿಕಾರಿಯನ್ನೇ ನೇರವಾಗಿ ನೋಡಿ, ಗೋಡೆಯ ಮೇಲೆ ಅಂಗೈ ಇಟ್ಟು, "ಸಿಮೆಂಟ್" ಅಂದಳು.

ಆ ಪದಕ್ಕೆ ಯಾರ ಅನುವಾದವೂ ಬೇಕಿರಲಿಲ್ಲ. ಅವರ ಭಾಷೆಯಲ್ಲೂ ಸಿಮೆಂಟು ಸಿಮೆಂಟೇ. ಅಧಿಕಾರಿ ಕುರ್ಚಿಯಿಂದ ಎದ್ದು ಬಂದು ನನ್ನ ಕೈಯಿಂದ ಮೊಳೆ ತೆಗೆದುಕೊಂಡರು. ಒಂದು ಕಡೆ ಗೀರಿದರು, ಕಿಟಕಿಯ ಹತ್ತಿರ ಹೋಗಿ ಇನ್ನೊಂದು ಕಡೆ ಗೀರಿದರು. ಕಾರ್ಯದರ್ಶಿ ಏನೋ ಹೇಳಲು ಬಾಯಿ ತೆರೆದಾಗ ಕೈ ಎತ್ತಿ ತಡೆದು, ಇಲ್ಲಿ ಬೇರೆ ಯಾರಿಗೆ ಇಂಗ್ಲಿಷ್ ಬರುತ್ತದೆ ಅಂತ ಕೇಳಿದರು.

ಗಾರೆಯಕ್ಕ ನನ್ನ ಕಡೆ ನೋಡಿದಳು. ನನ್ನ ಪ್ರಮಾಣಪತ್ರ ಹೋಯಿತು ಅಂತ ನನಗೆ ಆಗಲೇ ಗೊತ್ತಾಗಿತ್ತು. ಆದರೂ ಮುಂದೆ ಬಂದೆ.

ಆಕೆ ಹೇಳುತ್ತ ಹೋದಳು, ನಾನು ತಡವರಿಸುತ್ತ ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ಮೊದಲ ಕೋಣೆ, ಬೀಗ ಬಿದ್ದ ಮೂರು ತಿಂಗಳು, ಸಹಿ, ಚಾವಣಿ, ಹನ್ನೊಂದು ದಿನ. ಆಕೆಯ ದನಿ ಏರಲಿಲ್ಲ. "ನನ್ನ ತಮ್ಮ ಈ ಕೋಣೆಗೆ ಒಂದು ಬೊಗಸೆ ಸುಣ್ಣಾನೂ ಹಾಕಿಲ್ಲ. ಸಹಿ ಹಾಕು ಅಂತ ಹೇಳಿದವಳು ನಾನು. ಅದನ್ನೂ ಹೇಳಮ್ಮ, ಬಿಡಬೇಡ" ಅಂದಳು. ನಾನು ಅದನ್ನೂ ಹೇಳಿದೆ. ಕಾರ್ಯದರ್ಶಿಯ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಕತ್ತಿನ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಗಾರೆಯಕ್ಕ ಮಾತು ಮುಗಿಸಿ ಅವನನ್ನೇ ನೋಡುತ್ತ ನಿಂತಳು, ಅವನು ಹೊರಗೆ ಹೋಗುವ ತನಕ.

ಎರಡು ತಿಂಗಳಲ್ಲಿ ತನಿಖೆಯವರು ಬಂದು ಗೋಡೆಗಳಿಗೆ ರಂಧ್ರ ಕೊರೆದು ನೋಡಿದರು. ಅನುದಾನ ನಿಂತಿತು. ಸಂಸ್ಥೆಯ ದೊಡ್ಡವರು ತಮಗೇನೂ ಗೊತ್ತೇ ಇಲ್ಲ ಅಂತ ಕೈ ತೊಳೆದುಕೊಂಡು ಕಾರ್ಯದರ್ಶಿಯನ್ನು ಹೊರಗೆ ಹಾಕಿದರು. ನಾಲ್ಕು ವರ್ಷದ ಹಿಂದೆ ಅವನ ಕಣ್ಣೀರು ಅಚ್ಚು ಹಾಕಿದ್ದ ಪತ್ರಿಕೆಯೇ ಈ ಸಲ ಅವನ ಫೋಟೋವನ್ನು ಮೊದಲ ಪುಟಕ್ಕೆ ಹಾಕಿತು. ಗಾರೆಯಕ್ಕ ಆ ಹಾಳೆಯನ್ನು ಗೋಡೆಗೆ ಅಂಟಿಸಿದ್ದಳು. ಮನೆಗೆ ಬಂದವರಿಗೆ ಕೂರಲು ಹೇಳುವ ಮುಂಚೆ ಅದನ್ನೇ ತೋರಿಸುತ್ತಿದ್ದಳು.

ಆದರೆ ತರಬೇತಿಯೂ ಒಂದು ವಾರ ಬಾಕಿ ಇರುವಾಗಲೇ ನಿಂತುಹೋಯಿತು. ಯಾರಿಗೂ ಪ್ರಮಾಣಪತ್ರ ಸಿಗಲಿಲ್ಲ. ನಮ್ಮ ಜೊತೆ ಕಲಿತ ಒಬ್ಬಳು ಸೈಕಲ್ ಅಂಗಡಿಯ ಮುಂದೆ ನಿಂತು ಎಲ್ಲರೂ ಕೇಳುವ ಹಾಗೆ ಕೂಗಿದಳು. "ನಿಮ್ಮ ಹಗೆ ತೀರಿಸ್ಕೊಳ್ಳೋಕೆ ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲ. ಒಂದು ವಾರ ತಡ್ಕೊಳ್ಳೋಕೆ ಆಗ್ತಿರಲಿಲ್ವಾ?" ಗಾರೆಯಕ್ಕ ಮೆಟ್ಟಿಲ ಮೇಲೆ ನಿಂತು ಪೂರ್ತಿ ಕೇಳಿಸಿಕೊಂಡಳು. "ಆ ಹೆಂಗಸು ಅವತ್ತೇ ಬಂದ್ಲು. ಇನ್ನೊಂದ್ಸಲ ಬರ್ತಿರಲಿಲ್ಲ" ಅಂದಳು. ತಪ್ಪಾಯಿತು ಅಂತ ಮಾತ್ರ ಅನ್ನಲಿಲ್ಲ. ತೂಕದ ಮನೆಗೆ ಬೀಗ ಬಿದ್ದು ಎರಡು ಮಳೆಗಾಲ ಕಳೆಯಿತು. ಕಮಾನಿನ ಮೇಲೆ ಹೊದಿಸಿದ್ದ ಹೆಂಚು ಸರಿದು, ಆಕೆ ಏಳು ತಿಂಗಳು ದುಡಿದ ಮೊದಲನೇ ಕೋಣೆಗೂ ನೀರು ಇಳಿಯಿತು. ಆ ದಾರಿಯಲ್ಲಿ ಹೋಗುವಾಗ ಆಕೆ ಆ ಕಡೆ ನೋಡುತ್ತಿರಲಿಲ್ಲ.

ಪ್ರತಿಷ್ಠಾನಕ್ಕೆ ಆಕೆ ನನ್ನಿಂದ ಆರು ಕಾಗದ ಬರೆಸಿದಳು. ಬೇಡಿಕೆ ಒಂದೇ: ತಮ್ಮನ ತಪ್ಪಿಲ್ಲ ಅಂತ ಬರೆದುಕೊಡಿ. ಏಳನೆಯದನ್ನು ಬರೆಯುವ ಹೊತ್ತಿಗೆ ಉತ್ತರ ಬಂತು, ಮೊಹರಿನ ಸಮೇತ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ತಮ್ಮನ ಊರಿಗೆ ಹೊರಟಳು. ನನ್ನನ್ನೂ ಜೊತೆಗೆ ಕರೆದುಕೊಂಡಳು, ಓದಿ ಹೇಳುವುದಕ್ಕೆ.

ತಮ್ಮ ವ್ಯಾನು ತೊಳೆಯುತ್ತಿದ್ದ. ನಾನು ಓದಿದ್ದನ್ನು ಕೇಳಿ, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದನ್ನ ಯಾರಿಗೆ ತೋರಿಸ್ಲಿ? ಇಲ್ಲಿ ನಾನು ಮೇಸ್ತ್ರಿಯಾಗಿದ್ದೆ ಅಂತಾನೇ ಯಾರಿಗೂ ಗೊತ್ತಿಲ್ಲ."

ಅವನು ಬಕೆಟ್ಟಿನ ನೀರು ಚೆಲ್ಲಿ ಕೇಳಿದ.

"ಅವನ ಮುಖ ಹೇಗಾಯ್ತು? ಅದನ್ನ ಹೇಳು."

ಆಕೆ ಹೇಳಿದಳು. ಕ್ಯಾಮೆರಾ ಹಿಡಿದುಕೊಂಡದ್ದು, ತಾತ ಮುತ್ತಾತರ ವಿಷಯ, ಎಲ್ಲ ಹೇಳಿದಳು. "ಇನ್ನೊಂದ್ಸಲ ಹೇಳು" ಅಂದ. ಎರಡನೇ ಸಲ ಕೇಳುವಾಗ ವ್ಯಾನಿಗೆ ಒರಗಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಸದ್ದಿಗೆ ಅವನ ಹೆಂಡತಿ ಹೊರಗೆ ಬಂದಳು. ಊಟ ಮಾಡಿಸಿಯೇ ಕಳಿಸಿದರು. ಬಸ್ಸು ಹತ್ತಿಸುವಾಗ ಅವನು ಅಕ್ಕನ ಚೀಲ ಕೈಗೆ ಕೊಟ್ಟು, "ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ" ಅಂದ. "ಗೊತ್ತು" ಅಂದಳು ಆಕೆ.

ಈಗ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡುತ್ತೇವೆ. ಹಳೆಯ ಮನೆ ಇರುವವರು ಹುಡುಕಿಕೊಂಡು ಬರುತ್ತಾರೆ. ಕಾಗದ ಬರೆಯುವುದು ನಾನು, ಮೇಸ್ತ್ರಿ ಅನ್ನುವ ಜಾಗದಲ್ಲಿ ಆಕೆಯ ಹೆಸರೇ ಹಾಕುತ್ತೇನೆ.

ಹೋದ ತಿಂಗಳು ಆಕೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದಳು. ಸುಣ್ಣದ ಕೆಲಸದವರಿಗೆ ಕಣ್ಣಿನ ತೊಂದರೆ ತಪ್ಪಿದ್ದಲ್ಲ. ಉದ್ದದ ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತವನು ಆ ಕಾರ್ಯದರ್ಶಿ. ಒಂದು ಕಣ್ಣಿಗೆ ಪಟ್ಟಿ, ಅಂಗಿಗೆ ಇಸ್ತ್ರಿ ಇಲ್ಲ. ಜೊತೆಗೆ ಯಾರೂ ಬಂದಿರಲಿಲ್ಲ. ಆಕೆಯನ್ನು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತಂತೆ.

"ನಿಮಗೆ ಈಗ ಸಮಾಧಾನ ಆಯ್ತಾ?" ಅಂತ ಕೇಳಿದನಂತೆ.

"ಆಯ್ತು ಸಾರ್" ಅಂದಳಂತೆ.

ಮಾರನೇ ದಿನ ಸಾರುವೆಯ ಮೇಲೆ ಕೂತು ಇದನ್ನು ನನಗೆ ಹೇಳಿದಳು. "ಪಾಪ ಅನಿಸತ್ತೇನೋ ಅಂತ ಸ್ವಲ್ಪ ಹೊತ್ತು ಕಾದು ನೋಡಿದೆ ಕಣೇ. ಅನಿಸಲಿಲ್ಲ. ಅಷ್ಟರಲ್ಲಿ ನನ್ನ ಟೋಕನ್ ಕರೆದ್ರು, ಎದ್ದು ಹೋದೆ."